ಹೃದಯ ಎಂದು ಬರೆಸಿದ ಸಾವು

ಬೆಲ್‌ಫೋರ್, ಮಿಸಿಸಿಪಿ
18 ಫೆಬ್ರವರಿ 2021, ಗುರುವಾರ

ಪ್ರೀತಿಯ ಲವರ್ನ್,

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದದೆ ಒಲೆಗೆ ಹಾಕಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮನೆಗೆ ಬಂದರೆ ಕಿಟಕಿಯ ಪರದೆ ಅಲ್ಲಾಡುತ್ತದೆಯೇ ಹೊರತು ಬಾಗಿಲು ತೆರೆಯುವುದಿಲ್ಲ. ಕ್ರಿಸ್‌ಮಸ್ಸಿಗೆ ನಿನ್ನ ಮೆಟ್ಟಿಲ ಮೇಲೆ ಇಟ್ಟುಬಂದ ಬೆಣ್ಣೆ ಕೇಕನ್ನು ಪಕ್ಕದ ಮನೆಗೆ ಸಾಗಿಸಿದೆಯಂತೆ. ಆ ಮನೆಯಾಕೆ ಅಂಗಡಿಯಲ್ಲಿ ಸಿಕ್ಕಾಗ ಬಾಯಿತುಂಬ ಹೊಗಳಿದಳು: "ಮಿಸ್ ಅರ್ನಿತಾ, ನಿಮ್ಮತ್ತಿಗೆದು ಎಷ್ಟು ದೊಡ್ಡ ಮನಸ್ಸು ನೋಡಿ, ಒಂದು ಚೂರೂ ಮುರ್ಕೊಳ್ದೆ ಇಡೀ ಕೇಕೇ ಕೊಟ್ಬಿಟ್ರು!" ನಾನೂ ಹೌದು ಹೌದು, ಅವಳು ಮೊದಲಿಂದಲೂ ಹಾಗೇ ಎಂದು ತಲೆಯಾಡಿಸಿದೆ. ಹಾಗಾಗಿ ಈ ಕಾಗದ. ಇದನ್ನಾದರೂ ಪಕ್ಕದ ಮನೆಗೆ ಕೊಡುವುದಿಲ್ಲ ಎಂದುಕೊಂಡಿದ್ದೇನೆ.

ಭಾನುವಾರದಿಂದ ಊರು ಮಂಜುಗಟ್ಟಿ ಕೂತಿದೆ. ನನ್ನ ಮನೆಯ ನೀರಿನ ಪೈಪು ಒಡೆದು ಬಚ್ಚಲು ಕೆರೆಯಾಗಿದೆ. ಆರೋಗ್ಯ ಇಲಾಖೆಯ ನಮ್ಮ ಕಚೇರಿಗೂ ಬೀಗ. ರಸ್ತೆ ಗಾಜಿನ ಹಾಗಿರುವುದರಿಂದ ನಿನ್ನೆ ಬುಧವಾರ ಚರ್ಚಿನ ಅಂಗಳಕ್ಕೆ ಕೋವಿಡ್ ಪರೀಕ್ಷೆಯ ಬಸ್ಸು ಬರಲಿಲ್ಲ, ಜನ ಸುಮ್ಮನೆ ಬಂದು ನಿಂತು ಹೋದರು ಎಂದು ಕೇಳಿದೆ. ನೀನೂ ನಿಂತಿದ್ದೆಯಂತೆ. ಆ ತೆಳ್ಳನೆಯ ಕೋಟಿನಲ್ಲಿ ಯಾಕೆ ಹೊರಗೆ ಬರುತ್ತೀಯ? ನನ್ನ ಅಣ್ಣ ಓತಾನ ದಪ್ಪ ಜಾಕೆಟ್ಟು ಮನೆಯಲ್ಲೇ ಇದೆಯಲ್ಲ, ಹಾಕಿಕೋ. ಅದರ ವಾಸನೆ ಹೋಗಿಬಿಡುತ್ತದೆ ಎಂದು ಮುಟ್ಟದೆ ಇಟ್ಟಿರುತ್ತೀಯ. ನನಗೆ ನಿನ್ನ ಬುದ್ಧಿ ಗೊತ್ತು.

ವಿಷಯಕ್ಕೆ ಬರುತ್ತೇನೆ. ಆರೋಗ್ಯ ಇಲಾಖೆಯ ಆ ಬಸ್ಸನ್ನು ನಮ್ಮಿಂದ ಕಿತ್ತು ಬಿಳಿಯರಿರುವ ಕೆರೆಯ ಕಡೆಗೆ ಒಯ್ಯಬೇಕೆಂದು ಕೌಂಟಿ ಮಂಡಳಿಯಲ್ಲಿ ಹ್ಯಾಸ್ಕಿನ್ಸ್ ಹಠ ಹಿಡಿದಿರುವುದು ನಿನಗೆ ಗೊತ್ತು. ಅದು ಹೋದರೆ ರೈಲು ಹಳಿಯಾಚೆಯ ನಮ್ಮ ಕಪ್ಪುಜನಕ್ಕೆ ಪರೀಕ್ಷೆಯೂ ಇಲ್ಲ, ಈಗ ಬರಲಿರುವ ಲಸಿಕೆಯೂ ಇಲ್ಲ. ಆಸ್ಪತ್ರೆ ಮುಚ್ಚಿ ಎಷ್ಟೋ ವರ್ಷವಾಯಿತು. ಲಸಿಕೆ ಬೇಕೆಂದರೆ ಕಂಪ್ಯೂಟರಿನಲ್ಲಿ ಹೆಸರು ಬರೆಸಬೇಕು, ಆಮೇಲೆ ಕಾರಿನಲ್ಲೇ ಹೋಗಿ ಕಾರಿನಲ್ಲೇ ಕೂತು ತೋಳು ಚಾಚಬೇಕು. ನಮ್ಮ ಬೀದಿಯ ಮುದುಕಿಯರಿಗೆ ಎರಡೂ ಇಲ್ಲ. ಆ ಬಸ್ಸನ್ನು ಉಳಿಸಿಕೊಳ್ಳಲು ನಿನ್ನದೊಂದು ಸಹಿ ಬೇಕು. ಓತಾ ಹೃದಯದ ಕಾಯಿಲೆಯಿಂದ ಸತ್ತನೆಂದು ಬರೆದಿರುವುದನ್ನು ಕೋವಿಡ್ ಎಂದು ತಿದ್ದಿಸಲು ಸಹಿ.

ಹೇಳಿಬಿಟ್ಟೆ. ಈಗ ಬೇಕಾದರೆ ಕಾಗದ ಕೆಳಗಿಟ್ಟು ಒಂದಷ್ಟು ಹೊತ್ತು ನನ್ನನ್ನು ಬೈದುಕೋ. ಬೈದು ಮುಗಿದ ಮೇಲೆ ಮುಂದೆ ಓದು.

ಜನವರಿಯ ಸಭೆಯಲ್ಲಿ ನೀನು ಹಿಂದಿನ ಸಾಲಿನಲ್ಲಿ ಕಪ್ಪು ಟೋಪಿ ಹಾಕಿಕೊಂಡು ಕೂತಿದ್ದೆ. ನಾನು ಒಳಗೆ ಬಂದವಳೇ ನೋಡಿದೆ. ನೀನು ನೋಡದ ಹಾಗೆ ಗೋಡೆಯ ಕಡೆ ತಿರುಗಿದೆ. ಹ್ಯಾಸ್ಕಿನ್ಸ್ ನನ್ನ ಚಾರ್ಟನ್ನೇ ಕೈಯಲ್ಲಿ ಹಿಡಿದು, ನಮ್ಮನ್ನೆಲ್ಲ ಮಕ್ಕಳ ಹಾಗೆ ನೋಡುತ್ತಾ ಮಾತಾಡಿದ: "ನೋಡ್ರಪ್ಪಾ, ಲೆಕ್ಕ ಕಣ್ಣೆದುರಿಗೇ ಇದೆ. ಕೆರೆ ಕಡೆ ಸತ್ತೋರು ಜಾಸ್ತಿ, ಹಳಿಯಾಚೆ ಕಮ್ಮಿ. ಎಲ್ಲಿ ಸಾವು ಜಾಸ್ತಿನೋ ಬಸ್ಸು ಅಲ್ಲಿಗೆ ಹೋಗ್ಬೇಕು. ಇದ್ರಲ್ಲಿ ಕಪ್ಪು ಬಿಳುಪು ಎಲ್ಲಿಂದ ಬಂತು?"

ನಾನು ಎದ್ದು ಹೇಳಿದ್ದು ನಿನಗೆ ನೆನಪಿರಬೇಕು. ಕೆರೆಯ ಕಡೆ ಇರುವ ಬಿಳಿಯರಲ್ಲಿ ಅರ್ಧಕ್ಕರ್ಧ ಜನ ಕೆಲಸದಿಂದ ನಿವೃತ್ತರಾಗಿ ದೋಣಿ ಬಿಟ್ಟುಕೊಂಡು ಇರಲು ಬಂದವರು, ಎಪ್ಪತ್ತು ಎಂಬತ್ತರ ವಯಸ್ಸಿನವರು. ನಮ್ಮ ಕಡೆ ಎಪ್ಪತ್ತು ದಾಟಿದರೆ ಚರ್ಚಿನಲ್ಲಿ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಮುದುಕರೇ ಇರುವ ಕಡೆಯ ಹೆಣಗಳನ್ನೂ ಮುದುಕರಾಗುವಷ್ಟು ಬದುಕದವರ ಕಡೆಯ ಹೆಣಗಳನ್ನೂ ಒಟ್ಟಾರೆ ಎಣಿಸಿ ಹೋಲಿಸುವುದು ಸರಿಯಲ್ಲ. ಐವತ್ತರವರ ಪಕ್ಕದಲ್ಲಿ ಐವತ್ತರವರನ್ನು, ಅರವತ್ತರವರ ಪಕ್ಕದಲ್ಲಿ ಅರವತ್ತರವರನ್ನು ಇಟ್ಟು ನೋಡಬೇಕು. ಹಾಗೆ ನೋಡಿದರೆ ನಮ್ಮವರು ಸಾಯುತ್ತಿರುವುದು ಅವರ ಎರಡು ಪಟ್ಟಿಗೆ ಹತ್ತಿರ ಎಂದೆ.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ನೀನೂ ಟೋಪಿ ಸರಿಮಾಡಿಕೊಂಡು ನನ್ನ ಕಡೆ ನೋಡುತ್ತಿದ್ದೆಯೋ ಏನೋ. ಹ್ಯಾಸ್ಕಿನ್ಸ್ ಬಿಡಲಿಲ್ಲ. "ಎರಡು ಪಟ್ಟು ಅನ್ನೋದು ಗ್ಯಾರಂಟಿನಾ ಮೇಡಂ?" ಎಂದ. ನಾನು ಇಲ್ಲ ಎಂದೆ. ಸಣ್ಣ ಊರು, ನಾಲ್ಕು ಹೆಣ ಆಚೀಚೆಯಾದರೆ ಪಟ್ಟೂ ಆಚೀಚೆಯಾಗುತ್ತದೆ, ಅದೂ ಅಲ್ಲದೆ ಪರೀಕ್ಷೆಯಿಲ್ಲದೆ ಮನೆಯಲ್ಲೇ ಸತ್ತವರು ಈ ಎಣಿಕೆಯಲ್ಲಿ ಇಲ್ಲವೇ ಇಲ್ಲ, ಅವರು ಸೇರಿದರೆ ಹೆಚ್ಚಾಗಬಹುದು ಎಂದೆ. "ಅಂದ್ರೆ ನಿಮಗೆ ಗೊತ್ತಿಲ್ಲ ಅನ್ನಿ." "ಇಷ್ಟೇ ಅಂತ ಗೊತ್ತಿಲ್ಲ," ಎಂದೆ. ಅವನು ಮೈಕಿನ ಹತ್ತಿರ ಬಾಗಿ, "ಮೇಡಮ್ಮೋರಿಗೇ ಗೊತ್ತಿಲ್ವಂತೆ. ಮುಂದಿನ ವಿಷಯ ತಗೊಳ್ಳಿ," ಎಂದುಬಿಟ್ಟ. ಜೊತೆಗೆ ದೊಡ್ಡ ಮನಸ್ಸು ಮಾಡಿದವನ ಹಾಗೆ, ಮನೆಯಲ್ಲಿ ಸತ್ತವರ ಬಗ್ಗೆ ಪುರಾವೆ ತಂದರೆ ನೋಡೋಣ ಎಂದ.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ನೀನು ನನ್ನ ದಾರಿಗೆ ಅಡ್ಡ ಬಂದು ನಿಂತೆ. ಓತಾನನ್ನು ಮಣ್ಣು ಮಾಡಿದ ದಿನದಿಂದ ಅವತ್ತಿನವರೆಗೆ ನೀನು ನನ್ನ ಜೊತೆ ಆಡಿದ ಮೊದಲ ಮಾತು ಅದು. "ಒಂದು ಸಲ, ಒಂದೇ ಒಂದು ಸಲ, ನಮ್ಮೋರು ಜಾಸ್ತಿ ಸಾಯ್ತಿದಾರೆ ಅಂತ ಗಟ್ಟಿಯಾಗಿ ಹೇಳಿ ಸುಮ್ನೆ ಕೂತ್ಕೊಳೋಕಾಗಲ್ವಾ ನಿಂಗೆ? ಅವನು ಕೇಳಿದ್ರೆ ಗ್ಯಾರಂಟಿ ಅನ್ನು. ಅವರೆಲ್ಲ ಹೇಳೋದು ಏನು ಗ್ಯಾರಂಟಿ ಇಟ್ಕೊಂಡಾ?" ಎಂದೆ. ಹಿಂದೆಯೇ ಬಂದ ರೆವರೆಂಡ್ ಟಿಲ್ಮನ್ ಉರಿಯುವ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದರು: "ಸಿಸ್ಟರ್ ಅರ್ನಿತಾ, ದೇವರು ನಿಮಗೆ ಲೆಕ್ಕ ಕೊಟ್ಟ, ಧೈರ್ಯ ಕೊಡೋದು ಮರೆತ." ಅವರು ಭಾನುವಾರದ ಪ್ರವಚನದಲ್ಲಿ ಮೂರು ಪಟ್ಟು ಎಂದೇ ಹೇಳಿದರಂತೆ. ಎಲ್ಲಿಂದ ತಂದರೋ, ನಾನು ಕೊಟ್ಟದ್ದಲ್ಲ.

ನಿನ್ನ ಆ ಪ್ರಶ್ನೆಗೆ ಉತ್ತರ ಈಗ ಹೇಳುತ್ತೇನೆ ಕೇಳು. ಗಟ್ಟಿಯಾಗಿ ಹೇಳಿ ಸುಮ್ಮನೆ ಕೂತುಕೊಂಡದ್ದೂ ಇದೆ. ಹೋದ ಜೂನ್ ತಿಂಗಳಲ್ಲಿ, ಎಣಿಕೆಗೆ ಸಿಕ್ಕವರಲ್ಲಿ ಹೆಚ್ಚಿನವರು ನಮ್ಮವರೇ ಆಗಿದ್ದಾಗ, ಮೀನಿನ ಕಾರ್ಖಾನೆಯವರೇ ಆಗಿದ್ದಾಗ, ಚಾರ್ಟಿನಲ್ಲಿ ನಮ್ಮ ಕಪ್ಪುಜನದ ಸಾವಿಗೆ ಕೆಂಪು ಬಣ್ಣದ ಎತ್ತರದ ಕಂಬ ಬಿಡಿಸಿ ಮಂಡಳಿಯ ಮುಂದೆ ಇಟ್ಟೆ. ಯಾವ 'ಆದರೆ', ಯಾವ 'ಬಹುದು' ಇಲ್ಲದೆ ಹೇಳಿದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಮರುವಾರ ಕೆರೆಯ ಕಡೆಯ ಅಂಗಡಿಗಳಲ್ಲಿ ಜನರ ಮುಖದಿಂದ ಮಾಸ್ಕ್ ಮಾಯ. ಔಷಧದಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಒಬ್ಬ ಬಿಳಿಯ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಅಯ್ಯೋ ಅದು ಅವರಿಗೆ ಬರೋದು ಬಿಡೇ. ಅವರ ರಕ್ತದಲ್ಲೇ ಏನೋ ಇದ್ಯಂತೆ. ಕೌಂಟಿಯೋರೇ ಚಾರ್ಟ್ ಹಾಕಿದ್ರಲ್ಲ." ನನ್ನ ಚಾರ್ಟು, ಲವರ್ನ್. ರಕ್ತ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನಮ್ಮವರು ಎಲ್ಲಿ ಕೆಲಸ ಮಾಡುತ್ತಾರೆ, ಒಂದೊಂದು ಮನೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಡಾಕ್ಟರ ಬಳಿ ಹೋಗಲು ಎಷ್ಟು ದೂರ ಎಂಬುದೂ ಅದರಲ್ಲಿ ಇರಲಿಲ್ಲ, ಬರೀ ಬಣ್ಣ ಇತ್ತು. ಬಣ್ಣ ನೋಡಿದವರು ಬಣ್ಣವೇ ಕಾರಣ ಎಂದುಕೊಂಡರು.

ಆಮೇಲೆ ಕೌಂಟಿಯವರು ಹಳಿಯಾಚೆಯ ಮನೆಮನೆಗೂ ಒಂದು ಬಣ್ಣದ ಹಾಳೆ ಹಂಚಿದರಲ್ಲ, ಉಪ್ಪು ಕಡಿಮೆ ತಿನ್ನಿ, ಕರಿದದ್ದು ಬಿಡಿ, ದಿನಾ ನಡೆಯಿರಿ ಎಂದು. ಓತಾ ಅದನ್ನು ಮೀನು ಸುತ್ತಲು ಇಟ್ಟುಕೊಂಡಿದ್ದ. ಕಾರ್ಖಾನೆಯಲ್ಲಿ ಜನರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುವುದನ್ನು ಬಿಡಿ ಎಂದು ಯಾರಿಗೂ ಹಾಳೆ ಹೋಗಲಿಲ್ಲ. ಹೀಗಾಗಿ ನಮ್ಮವರು ಹೆಚ್ಚು ಸಾಯುತ್ತಾರೆ ಎಂದರೆ ತಪ್ಪು ನಮ್ಮದಾಗುತ್ತದೆ, ಕಡಿಮೆ ಎಂದರೆ ಬಸ್ಸು ಅವರದಾಗುತ್ತದೆ. ಗೊತ್ತಿಲ್ಲ ಎಂದರೆ ಮುಂದಿನ ವಿಷಯ. ಇನ್ನು ಯಾವ ಬಾಯಲ್ಲಿ ಏನು ಹೇಳಲಿ ನಾನು?

ಈಗ ಓತಾನ ಮಾತು. ಇದನ್ನು ಬರೆಯಬಾರದೆಂದೇ ಇಷ್ಟು ಹೊತ್ತು ಅದೂ ಇದೂ ಬರೆದೆ.

ಅವನು ನಿನ್ನ ಗಂಡನಾಗುವ ಮೊದಲು ನನ್ನ ಅಣ್ಣ. ಆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಐಸಿನ ನೀರಿನಲ್ಲಿ ನಿಂತು ಮೀನು ಸೀಳಿದ. ಮನೆಗೆ ಅವನಿಗಿಂತ ಮೊದಲು ಅವನ ವಾಸನೆ ಬರುತ್ತದೆ ಎಂದು ನೀನು ಹಿಂಬಾಗಿಲಲ್ಲೇ ಬೂಟು ಬಿಚ್ಚಿಸಿ, ಕೈಗೆ ನಿಂಬೆಹಣ್ಣು ಉಜ್ಜಿಸಿ ಒಳಗೆ ಬಿಡುತ್ತಿದ್ದೆ. ಜುಲೈನಲ್ಲಿ ಜ್ವರ ಬಂದಾಗಲೂ ಕೆಲಸಕ್ಕೆ ಹೋದ. ಮೇಸ್ತ್ರಿ "ನಿಂತ್ಕೊಳೋಕಾದ್ರೆ ಬಾ, ಕೂತ್ಕೊಳೋ ಹಂಗಿದ್ರೆ ಮನೇಲಿರು," ಎಂದಿದ್ದನಂತೆ. ಓತಾನಿಗೆ ನಿಂತುಕೊಳ್ಳಲು ಯಾವತ್ತು ಆಗಲಿಲ್ಲ? ಕಾರ್ಖಾನೆಯಲ್ಲೇ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ಫಲಿತಾಂಶ ಬರುವ ಮೊದಲೇ ನಿನ್ನ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಲ್ಲೇ ಹೋದ.

ಸಾವಿಗೆ ಕಾರಣ ಬರೆಯಲು ಡೂಲಿ ಬಂದ. ಮನೆಯಲ್ಲಿ ಸತ್ತವರಿಗೆ ಏನಾಯಿತೆಂದು ತೀರ್ಮಾನಿಸುವವನು ನಮ್ಮ ಕೌಂಟಿಯಲ್ಲಿ ಡಾಕ್ಟರಲ್ಲ, ವಾರವಿಡೀ ಸೋಫಾ ಮಾರಿ, ಓಟು ಕೇಳಿ ಗೆದ್ದವನು. ನೀನು ಅವನಿಗೆ ಹೇಳಿದೆ, "ಅವರಿಗೆ ಮೊದಲಿಂದ ಬಿ.ಪಿ. ಇತ್ತು ಮಿಸ್ಟರ್ ಡೂಲಿ, ಎದೆ ಹಿಡ್ಕೊಂಡ್ರು. ಹೃದಯ ಅಂತ ಬರೀರಿ." ಅವನು ಕೆಮ್ಮು ಇತ್ತಾ ಎಂದು ಕೇಳಿದ. "ಐಸಲ್ಲಿ ಕೆಲಸ ಮಾಡೋರಿಗೆ ಕೆಮ್ಮು ಇಲ್ದೆ ಇರುತ್ತಾ?" ಎಂದೆ ನೀನು. ಅವನು ಬರೆದ. ಅವನಿಗೂ ಅದೇ ಸುಲಭವಾಗಿತ್ತು, ಬಾಗಿಲ ಹೊರಗೇ ನಿಂತು ಮುಗಿಸಿದ.

ನೀನು ಯಾಕೆ ಹಾಗೆ ಬರೆಸಿದೆ ಎಂದು ನನಗೆ ಗೊತ್ತು, ಹಳಿಯಾಚೆ ಎಲ್ಲರಿಗೂ ಗೊತ್ತು. ಕೋವಿಡ್ ಎಂದು ಬರೆದರೆ ಶವ ಸಿಂಗರಿಸುವ ಮಿಸ್ ಈನೆಜ್ ಪೆಟ್ಟಿಗೆಯನ್ನು ಮೊಹರು ಮಾಡಿ ನೇರವಾಗಿ ಮಣ್ಣಿಗೆ ಒಯ್ಯುತ್ತಿದ್ದರು. ಹತ್ತು ಜನ, ಹತ್ತು ನಿಮಿಷ. ಹಾಡಿಲ್ಲ, ಕೊನೆಯ ಸಲ ಮುಖ ನೋಡುವುದಿಲ್ಲ, ಆಮೇಲೆ ಕೂತು ಊಟವಿಲ್ಲ. ನಮ್ಮಲ್ಲಿ ನಾಯಿ ಸತ್ತರೂ ಅದಕ್ಕಿಂತ ಹೆಚ್ಚು ಮಾತಾಡುತ್ತಾರೆ. ಬದುಕಿದ್ದಾಗ ಸರ್ ಎಂದು ಯಾರೂ ಕರೆಯದ ಮನುಷ್ಯನನ್ನು ನಾವು ಆ ಒಂದು ದಿನ ರಾಜನ ಹಾಗೆ ದೇವರ ಮನೆಗೆ ಕಳಿಸುತ್ತೇವೆ. ಅವತ್ತು ಮಧ್ಯಾಹ್ನ ನೀನು ಆ ಕೆನೆ ಬಣ್ಣದ ಸೂಟಿಗೆ ಇಸ್ತ್ರಿ ಹಾಕುತ್ತಿದ್ದೆ. ಜನ ಸೇರಿಸಬೇಡ ಎಂದು ನಾನು ಬೇಡಿಕೊಂಡೆ. ನೀನು ಇಸ್ತ್ರಿ ನಿಲ್ಲಿಸಲಿಲ್ಲ. "ಮೂವತ್ತು ವರ್ಷ ಈ ಊರು ಅವನನ್ನ ರಬ್ಬರ್ ಏಪ್ರನ್ನಲ್ಲೇ ನೋಡಿದೆ, ಅರ್ನಿ. ಒಂದಿನ ಸೂಟಲ್ಲಿ ನೋಡ್ಲಿ. ಮುಚ್ಚಿದ ಪೆಟ್ಟಿಗೆಯೊಳಗೆ ಸೂಟು ಹಾಕಿದ್ರೇನು, ಬಿಟ್ರೇನು?" ಎಂದೆ.

ಅಂತ್ಯಕ್ರಿಯೆ ನಡೆಯುವಾಗ ನಾನು ಚರ್ಚಿನೆದುರು ರಸ್ತೆಯಾಚೆ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದೆ. ಬಿಳಿ ಕೈಗವಸು ಹಾಕಿಕೊಂಡು ಚರ್ಚಿನಲ್ಲಿ ಜನರನ್ನು ಕೂರಿಸುವ ನಿನ್ನ ಸಂಗಡಿಗರು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಬೀಸಣಿಗೆ ಕೊಡುತ್ತಿದ್ದರು. ಚರ್ಚು ತುಂಬಿ ಜನ ಮೆಟ್ಟಿಲ ಮೇಲೂ ನಿಂತಿದ್ದರು. ಹಾಡು ಗಾಜಿನೊಳಗೂ ಕೇಳುತ್ತಿತ್ತು. ಎಲ್ಲರೂ ನನ್ನ ಅಣ್ಣನ ಮುಖ ನೋಡಿದರು, ನಾನೊಬ್ಬಳು ನೋಡಲಿಲ್ಲ. ಆ ಸೂಟಿನಲ್ಲಿ ಅವನು ಹೇಗೆ ಕಾಣುತ್ತಿದ್ದ ಎಂದು ಯಾರನ್ನು ಕೇಳಲೂ ನನಗೆ ಬಾಯಿ ಬರಲಿಲ್ಲ. ಚೆನ್ನಾಗಿ ಕಾಣುತ್ತಿದ್ದನಾ ಲವರ್ನ್?

ಸಮಾಧಿಯ ಹತ್ತಿರ ದೂರದಲ್ಲೇ ನಿಂತಿದ್ದೆ. ನೀನು ಎಲ್ಲರೆದುರು ಕೂಗಿ ಕೇಳಿದೆ, "ಲೆಕ್ಕ ಬರ್ಕೊಳೋಕೆ ಬಂದ್ಯಾ? ಎಷ್ಟು ಜನ ಇದೀವಿ ಹೇಳ್ತೀನಿ, ಬರ್ಕೋ!" ಅಷ್ಟೇ.

ಕೋವಿಡ್ ಇದೆ ಎಂಬ ಫಲಿತಾಂಶ, ಮಣ್ಣು ಮಾಡಿದ ಮೇಲೆ ಅಂಚೆಯಲ್ಲಿ ನಿನ್ನ ಮನೆಗೆ ಬಂತು. ಅದೇ ತಿಂಗಳು ಚರ್ಚಿಗೆಲ್ಲ ಅಜ್ಜಿಯಂತಿದ್ದ ಮದರ್ ಝೋಲಾ ಹೋದರು. ಅವರ ಹಿಂದೆಯೇ ಬ್ರದರ್ ಪರ್ಸಿ. ಇಬ್ಬರೂ ಅವತ್ತು ಮುಂದಿನ ಸಾಲಿನಲ್ಲಿದ್ದವರು. ಊರಿನಲ್ಲಿ ಗುಸುಗುಸು ಎದ್ದಿತು, ಅದನ್ನು ಎಬ್ಬಿಸಿದ್ದು ನಾನೇ ಎಂದು ನೀನು ನಂಬಿದ್ದೀಯ. ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬಿಡಲು ನನಗೆ ಗೊತ್ತಿರುವುದಾದರೂ ಏನು? ಓತಾನನ್ನು ಕಳಿಸಿದ ಮೇಲೆ ಅವರು ಸತ್ತರು ಎಂಬುದು ನಿಜ. ಆದಮೇಲೆ ಆಯಿತು ಎಂದ ಮಾತ್ರಕ್ಕೆ ಅದರಿಂದಲೇ ಆಯಿತು ಎನ್ನಲು ಬರುವುದಿಲ್ಲ. ಮದರ್ ಝೋಲಾ ಅವರ ಮೊಮ್ಮಕ್ಕಳಿಬ್ಬರೂ ಅದೇ ಕಾರ್ಖಾನೆಯವರು, ಅದೇ ಮನೆಯಲ್ಲಿ ಮಲಗುವವರು. ಪರ್ಸಿ ಮೂತ್ರಪಿಂಡದ ರೋಗಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು, ಏಸಿ ಹಾಕಿ ಕಿಟಕಿ ಮುಚ್ಚಿ, ದೂರದ ಊರಿನ ಆಸ್ಪತ್ರೆಗೆ ಹೋಗಿಬರುತ್ತಿದ್ದ. ಆ ತಿಂಗಳು ಊರ ತುಂಬ ಅದೇ ಇತ್ತು. ನಿನ್ನ ಚರ್ಚಿನಿಂದ ಬಂದಿರಬಹುದು, ಬಂದಿಲ್ಲದಿರಬಹುದು.

ಆ ಬಹುದು ಎಂಬ ಮಾತು ನಿನ್ನನ್ನು ಒಳಗೊಳಗೇ ತಿನ್ನುತ್ತದೆ ಎಂದು ಗೊತ್ತು. ಅದನ್ನು ಹೊಡೆದುಹಾಕಿ ಇಲ್ಲ ಎಂದು ಬರೆದಿದ್ದರೆ ನಿನಗೆ ಒಂದಿಷ್ಟು ನಿದ್ದೆ ಬರುತ್ತಿತ್ತು. ಎರಡು ಸಲ ಪೆನ್ನು ಅಲ್ಲಿಗೆ ಒಯ್ದೆ. ನನ್ನ ಕೈಲಾಗಲಿಲ್ಲ. ಹ್ಯಾಸ್ಕಿನ್ಸ್‌ಗೆ ಕೊಡದ ಗ್ಯಾರಂಟಿಯನ್ನು ನಿನಗೆ ಕೊಡಲು ನನಗೆ ಬರುತ್ತಿಲ್ಲ, ಕ್ಷಮಿಸು.

ಹ್ಯಾಸ್ಕಿನ್ಸ್ ಪುರಾವೆ ತನ್ನಿ ಎಂದಮೇಲೆ ನಾನು ಮೊದಲು ಡೂಲಿಯ ಸೋಫಾ ಅಂಗಡಿಗೆ ಹೋದೆ. ಅವನು ಹೊಸ ಸೋಫಾದ ಪ್ಲಾಸ್ಟಿಕ್ ಕೀಳುತ್ತಾ, "ಮನೆಯೋರು ಬಂದು ಕೇಳಿದ್ರೆ ತಿದ್ದೋಣ. ನೀವು ಇಲಾಖೆಯಿಂದ ಹೇಳಿದ್ರೆ ತಿದ್ದಲ್ಲ ನೋಡಿ. ನಾನೇ ತಪ್ಪು ಬರ್ದೆ ಅಂತಾಗಲ್ವಾ? ಎಲೆಕ್ಷನ್ ಬರ್ತಿದೆ," ಎಂದ. ಸರಿ, ಮನೆಮನೆ ತಿರುಗಿದೆ. ಬೇಸಿಗೆಯಲ್ಲಿ ಹೀಗೆ ಹೃದಯ ಎಂದು ಬರೆಸಿಕೊಂಡು ತೆರೆದ ಪೆಟ್ಟಿಗೆಯಲ್ಲಿ ಕಳಿಸಿದ ಮನೆಗಳು ನಮ್ಮಲ್ಲಿ ಒಂದೆರಡಲ್ಲ. ಯೂಲಿಸಿಸ್ ಜಾಲರಿ ಬಾಗಿಲ ಹಿಂದೆಯೇ ನಿಂತು, "ಬಾ ಕೂತ್ಕೋ ಅನ್ನಲ್ಲ, ನಿನ್ನ ಬಾಯಿಂದ ಏನ್ ಬರುತ್ತೆ ಅಂತ ಗೊತ್ತು," ಎಂದ. ಅವನ ಹೆಂಡತಿಯ ಅಂತ್ಯಕ್ರಿಯೆಗೆ ಅವನ ಬಂಧುಗಳೆಲ್ಲ ದೂರದ ಡೆಟ್ರಾಯ್ಟಿನಿಂದ ಬಂದಿದ್ದರಲ್ಲ. ಮಿಸ್ ಓಸಿ ಒಳಗೆ ಕರೆದು, ಸಿಹಿ ಚಹಾ ಕೊಟ್ಟು, ಮೊಮ್ಮಗಳ ಫೋಟೋ ತೋರಿಸಿ, ಗಂಡನ ಮಾತು ಬಂದಾಗ ಮಾತ್ರ ಕಿವಿ ಕೇಳಿಸದವರಾದರು. ಕೊನೆಗೆ ಎದ್ದು ಬರುವಾಗ ಕಿವಿ ಬಂತು. "ಲವರ್ನ್ ಮೊದಲು ಬರೆಸ್ಲಿ ಮಗಾ. ಅವಳ ಗಂಡಂದು ಊರಿಗೇ ದೊಡ್ಡದಾಗಿ ಆಯ್ತು. ಅವಳು ಹೌದು ಅಂದ್ರೆ ನಾವೂ ಹೌದು ಅಂತೀವಿ. ಅವಳೇ ಸುಮ್ನಿರೋವಾಗ ನಾವ್ಯಾಕೆ ಬಾಯಿ ಬಿಡೋಣ?" ಎಂದರು. ಮಿಕ್ಕವರೂ ಬೇರೆ ಬೇರೆ ಮಾತಿನಲ್ಲಿ ಅದನ್ನೇ ಹೇಳಿದರು.

ನೋಡು, ಮಂಡಳಿಯವರು ನಮ್ಮ ಸತ್ತವರನ್ನು ಎಣಿಸಲಿಲ್ಲ ಎಂದು ನಾನು ಊರೆಲ್ಲ ಕೂಗಬಹುದು. ಆದರೆ ಅವರು ಎಣಿಸದ ಹಾಗೆ ನಾವೇ ಮುಚ್ಚಿಟ್ಟಿದ್ದೇವೆ, ಅದೂ ಪ್ರೀತಿಯಿಂದ. ಇದನ್ನು ಯಾವ ಚಾರ್ಟಿನಲ್ಲಿ ಹಾಕಲಿ?

ಸಹಿ ಹಾಕಿದರೆ ನಿನಗೆ ಏನಾಗುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಗುಸುಗುಸು ಜೋರಾಗುತ್ತದೆ. ಮದರ್ ಝೋಲಾ ಅವರ ಮಕ್ಕಳು ನಿನ್ನ ಮುಖ ನೋಡುವುದು ಬಿಡಬಹುದು. ಹ್ಯಾಸ್ಕಿನ್ಸ್ ಅಂತೂ, ನೋಡಿದ್ರಾ, ಎಲ್ಲ ಅವರ ಅಂತ್ಯಕ್ರಿಯೆಗಳಿಂದಲೇ ಆದದ್ದು, ಅವರ ಪದ್ಧತಿಯೇ ಹಾಗೆ ಎಂದು ಹೇಳದೆ ಬಿಡುವುದಿಲ್ಲ. ಮೊದಲು ರಕ್ತ, ಆಮೇಲೆ ಊಟ, ಈಗ ಹೆಣದ ಮುಂದಿನ ಹಾಡು. ಮತ್ತೆ, ನಿನ್ನ ಸಹಿಯಿಂದ ಬಸ್ಸು ಉಳಿದೇ ತೀರುತ್ತದೆ ಎಂದು ನಾನು ಎಲ್ಲೂ ಬರೆದಿಲ್ಲ, ಗಮನಿಸು. ನಿನ್ನ ಹಿಂದೆ ಉಳಿದವರು ಬಂದರೆ ನಮ್ಮ ಎಣಿಕೆ ನಿಜಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ. ನಾನು ಹೇಳಬಲ್ಲದ್ದು ಅಷ್ಟೇ.

ನನಗೆ ಅವನು ಬೇಕು ಲವರ್ನ್. ಶನಿವಾರ ಬಂದರೆ ಈಗಲೂ ಅವನ ಹಳೆಯ ಗಾಡಿಯ ಸದ್ದಿಗೆ ಕಿವಿ ನಿಲ್ಲುತ್ತದೆ. ಲೆಕ್ಕದವಳು, ಲೆಕ್ಕದವಳು ಎಂದು ನೀನು ನನ್ನನ್ನು ಹಂಗಿಸುತ್ತೀಯ. ನನ್ನ ಕಂಪ್ಯೂಟರಿನಲ್ಲಿ ಅವನು ಸತ್ತ ವಾರದ ಕಂಬದ ಮುಂದೆ ನಾನು ಎಷ್ಟು ಸಲ ಸುಮ್ಮನೆ ಕೂತಿದ್ದೇನೆ, ಗೊತ್ತಾ? ಆ ಕಂಬದಲ್ಲಿ ಅವನಿಲ್ಲ. ಪಕ್ಕದ ಸಾಲಿನಲ್ಲಿ, ಹೃದಯದವರ ಜೊತೆ ಇದ್ದಾನೆ. ಅವನು ಅಲ್ಲಿಯವನಲ್ಲ.

ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹೆಸರು ಬರೆಯಬೇಕಾದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ನೀನು ಡೂಲಿಯ ಮುಂದೆ ಹೋಗಬೇಕಾಗಿಲ್ಲ, ನಾನೇ ಕೊಟ್ಟುಬರುತ್ತೇನೆ. ಜಾಕೆಟ್ಟು ಹಾಕಿಕೋ.

ನೀನು ಬಾಗಿಲು ತೆಗೆಯದಿದ್ದರೂ ನಿನ್ನ ನಾದಿನಿಯೇ ಆದ,
ಅರ್ನಿತಾ

ತಾ.ಕ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಿನ್ನೆ ಬಸ್ಸು ಬಾರದಿದ್ದದ್ದು ಮಂಜಿನಿಂದಲ್ಲ. ಹೋದ ಶುಕ್ರವಾರವೇ ಮಂಡಳಿಯವರು ಬಾಗಿಲು ಹಾಕಿಕೊಂಡು ಸಭೆ ಮಾಡಿ ತೀರ್ಮಾನ ಮುಗಿಸಿದರು. ರಸ್ತೆ ಸರಿಹೋದ ಮೇಲೆ ಬಸ್ಸು ಕೆರೆಯ ಕಡೆಯ ಗಾಲ್ಫ್ ಮೈದಾನದ ಮುಂದೆ ನಿಲ್ಲುತ್ತದೆ. ಯಾರು ಯಾವ ಪುರಾವೆ ತಂದರೂ ಈ ವರ್ಷ ಆ ಮಾತನ್ನು ಮತ್ತೆ ಎತ್ತುವುದಿಲ್ಲವಂತೆ. ಇದು ಗೊತ್ತಿದ್ದೇ ಮೇಲಿನದೆಲ್ಲ ಬರೆದೆ. ಬಸ್ಸಿನ ಆಸೆಗಾದರೂ ನೀನು ಸಹಿ ಹಾಕುತ್ತೀಯ, ನನ್ನ ಅಣ್ಣನ ಸಾವೊಂದಾದರೂ ಇದ್ದ ಹಾಗೆ ದಾಖಲಾಗುತ್ತದೆ ಎಂದುಕೊಂಡಿದ್ದೆ. ಬೇಡ. ಸಹಿ ಹಾಕಬೇಡ. ಬಸ್ಸೇ ಇಲ್ಲದ ಮೇಲೆ ಅದರಿಂದ ಆಗುವುದು ಒಂದೇ, ಚರ್ಚಿನಲ್ಲಿ ನಿನ್ನ ಪಕ್ಕದ ಜಾಗ ಖಾಲಿಯಾಗುತ್ತದೆ. ಅರ್ಜಿಯನ್ನು ಲಕೋಟೆಯಿಂದ ತೆಗೆದಿದ್ದೇನೆ, ಹುಡುಕಬೇಡ. ಕಾಗದವನ್ನೂ ಹರಿದುಬಿಡಬಹುದಿತ್ತು, ಆದರೆ ನಿನ್ನ ಜೊತೆ ಇಷ್ಟು ಮಾತಾಡಿ ಬಹಳ ದಿನವಾಗಿತ್ತು. ಹೃದಯ ಎಂದೇ ಇರಲಿ. ಮುಂದೆ ಯಾವತ್ತೋ ಯಾರೋ ಓದಿಕೊಂಡವರು ನಮ್ಮ ಕೌಂಟಿಯ ಅಂಕಿಗಳನ್ನು ತೆಗೆದು ನೋಡುತ್ತಾರೆ. ಆ ಬೇಸಿಗೆ ಹಳಿಯಾಚೆಯ ಕಪ್ಪುಜನಕ್ಕೆ ಕೋವಿಡ್ ಅಷ್ಟೇನೂ ತಟ್ಟಲಿಲ್ಲ, ಹೃದಯದ ಕಾಯಿಲೆಯಿಂದ ಮಾತ್ರ ಬಹಳ ಮಂದಿ ಸತ್ತರು, ಅವರ ಊಟ ಸರಿಯಿರಲಿಲ್ಲ ಎಂದು ಬರೆಯುತ್ತಾರೆ. ಬರೆದುಕೊಳ್ಳಲಿ.